ಡಬ್ಬಿಯೊಳಗಿನ ಗಿರಮಿಟ್

ನನ್ನ ಕೈ ನಡುಗುವುದಿಲ್ಲ. ಬೆಳಗಿನ ಚಹಾದ ಕಪ್ಪು ಬಸಿಯ ಮೇಲೆ ಸ್ವಲ್ಪ ಟಕಟಕ ಅನ್ನುತ್ತದೆ, ಅದು ಬಸಿಯ ದೋಷ. ಹೋದ ಸಂಕ್ರಾಂತಿಯವರೆಗೂ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಯಾರು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಇದು.

ನಾನು ಉಡಚಪ್ಪ, ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ಟು ಮೊಂಡಾದರೆ ಅದನ್ನು ಬರಿಗೈಯಲ್ಲಿ ಸಾಣೆಗೆ ಹಿಡಿದು ಹೊಸದರಂತೆ ಮಾಡಿಕೊಡುವುದರಲ್ಲಿ ನನಗೆ ಹೆಸರಿತ್ತು. ಕಲಿಸಿದವರು ಗೋಣೆಪ್ಪ ಮೇಸ್ತ್ರಿ. ಅವರು ಅದನ್ನು ‘ಬಿಟ್ಟು’ ಅನ್ನುತ್ತಿರಲಿಲ್ಲ, ಹಳೇ ಬಡಿಗರ ಹಾಗೆ ಗಿರಮಿಟ್ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಮಂಡಕ್ಕಿಗೆ ಉಳ್ಳಾಗಡ್ಡಿ, ಹುಣಸೆರಸ, ಪುಟಾಣಿ ಹಿಟ್ಟು ಕಲಸಿದ ತಿಂಡಿಗೂ ನಮ್ಮ ಕಡೆ ಗಿರಮಿಟ್ ಅಂತಲೇ ಹೆಸರಿದ್ದರೆ ಅದು ನನ್ನ ತಪ್ಪಲ್ಲ.

ಮೇಸ್ತ್ರಿಯ ಪಾಠ ಒಂದೇ ಸಾಲಿನದು. ಎರಡೂ ತುಟಿ ಸಮ ಇರಬೇಕು, ಬೆನ್ನು ತುಟಿಗಿಂತ ತಗ್ಗಿರಬೇಕು. ತುಟಿ ಎಂದರೆ ಬಿಟ್ಟಿನ ತುದಿಯಲ್ಲಿ ಕಬ್ಬಿಣ ಕೊಯ್ಯುವ ಎರಡು ಅಂಚುಗಳು, ಬೆನ್ನು ಎಂದರೆ ಆ ಅಂಚುಗಳ ಹಿಂದಿನ ಭಾಗ. ತುಟಿ ಸಮ ಇದ್ದರೆ ತೂತು ಕೊರೆಯುವಾಗ ಎರಡೂ ಕಡೆಯಿಂದ ಕಬ್ಬಿಣದ ಸುರುಳಿ ಒಂದೇ ಸಮ ಏಳುತ್ತದೆ. ಒಂದು ಉದ್ದ, ಒಂದು ಗಿಡ್ಡ ಆಯಿತೋ, ಸುರುಳಿ ಒಂದೇ ಕಡೆ ಬರುತ್ತದೆ, ತೂತು ಅಗಲವಾಗುತ್ತದೆ, ಹಾಕಿದ ಬೋಲ್ಟು ಗಡಗಡ ಅನ್ನುತ್ತದೆ. ಗೋಣೆಪ್ಪ ಮೇಸ್ತ್ರಿಯ ಕೈ ನಿವೃತ್ತಿಯ ದಿನದವರೆಗೂ ತಪ್ಪಲಿಲ್ಲ ಎಂದು ಫ್ಯಾಕ್ಟರಿಯ ಹಳಬರು ಇಂದಿಗೂ ಹೇಳುತ್ತಾರೆ. ಆ ಮಾತನ್ನು ಎಲ್ಲರಿಗಿಂತ ಜಾಸ್ತಿ ಸಲ ಹೇಳಿದವನು ನಾನೇ.

ನನ್ನ ಮಗಳು ಶಿಲ್ಪಾ ಐಟಿಐ ಮುಗಿಸಿದ್ದಾಳೆ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ರ‍್ಯಾಕು ಮಾಡುತ್ತಾಳೆ. ವೆಲ್ಡಿಂಗ್ ಇಲ್ಲ, ಎಲ್ಲ ಬೋಲ್ಟಿನ ಕೆಲಸ, ಬಿಚ್ಚಿ ಬೇರೆ ಕಡೆ ಒಯ್ಯಬಹುದು. ಬೋಲ್ಟು ಬಂತೆಂದರೆ ತೂತು ಬಂತು, ತೂತು ಬಂತೆಂದರೆ ಬಿಟ್ಟು ಮೊಂಡಾಗುತ್ತದೆ. ಅವುಗಳಿಗೆ ಸಾಣೆ ಹಿಡಿಯುವುದು ನನ್ನ ಕೆಲಸ. ದಸರೆಯ ಹೊತ್ತಿಗೆ ನಮ್ಮ ಹಳೇ ಸಾಣೆ ಮಶೀನಿನ ಮೋಟರು ಸುಟ್ಟಿತು. ಆಮೇಲೆ ಕಬ್ಬಿಣ ಕತ್ತರಿಸುವ ಕೈ ಗ್ರೈಂಡರನ್ನೇ ಸಾಮಾನು ಕಚ್ಚಿ ಹಿಡಿಯುವ ವೈಸಿಗೆ ಬಿಗಿದು, ಸಾಣೆಯ ಚಕ್ರ ಹಾಕಿ ಹೇಗೋ ನಡೆಸಿದೆ. ಹೊಸ ವರ್ಷ ಬಂದಾಗ ಶಿಲ್ಪಾ ಹಟ ಹಿಡಿದಳು. "ಅಪ್ಪಾ, ಹಿಂಗ ಹಿಡಿಯೂದು ಸರಿ ಅಲ್ಲ. ಚಲೋದೊಂದು ತರೂಣು ನಡಿ."

ಹೋದೆವು. ಶಾಕೀರನ ಹಾರ್ಡ್‌ವೇರ್ ಅಂಗಡಿ, ಇಪ್ಪತ್ತು ವರ್ಷದ ಪರಿಚಯ. ಮೂರು ನಮೂನೆ ತೋರಿಸಿದ. ಮೊದಲನೆಯದು ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿ. ಅದನ್ನು ಡ್ರಿಲ್ ಮಶೀನಿನ ಬಾಯಿಗೆ ಸಿಕ್ಕಿಸಿ, ಮೇಲಿನ ತೂತಿನಲ್ಲಿ ಬಿಟ್ಟು ಇಟ್ಟು ಒತ್ತಬೇಕು. ಒಳಗಿನ ಕಲ್ಲು ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು.

"ಇದು ಗಿರಮಿಟ್ಟಿಗಲ್ಲೋ ಶಾಕೀರ, ಪೆನ್ಸಿಲ್ಲಿಗೆ. ಹತ್ತು ಹಿಡಿಯೂದ್ರಾಗ ಕಲ್ಲು ಸವದ ಹೋಗ್ತೈತಿ," ಎಂದೆ.

ಎರಡನೆಯದು ದೊಡ್ಡ ಕರೆಂಟಿನ ಮಶೀನು. ಬಿಟ್ಟನ್ನು ತಾನೇ ಹಿಡಿದು, ತಾನೇ ತಿರುಗಿಸಿ, ತಾನೇ ಮಸೆಯುತ್ತದೆ. ನಾವು ನಿಂತು ನೋಡಬೇಕು, ಅಷ್ಟೆ. ಅದರ ರೇಟು ಕೇಳಿ ಮೂಗಿಗಿಂತ ಮೂಗುತಿ ಭಾರ ಎಂದೆ. ಮೂರನೆಯದು ಮೇಜಿಗೆ ಬಿಗಿಯುವ ಎರಡು ಚಕ್ರದ ಸಾಣೆ, ಒಂದು ಕಡೆ ಉರುಟು ಕಲ್ಲು, ಇನ್ನೊಂದು ಕಡೆ ನಯ. ಅದರ ಮೇಲೆ ನನ್ನ ತಕರಾರು ಇರಲಿಲ್ಲ. ಅದರ ಜೊತೆಗಿಟ್ಟ ಗೈಡ್ ನೋಡಿ ಮಾತ್ರ ನನ್ನ ಪಿತ್ತ ನೆತ್ತಿಗೇರಿತು. ಬಿಟ್ಟನ್ನು ಮಲಗಿಸಲು ಒಂದು ಕಬ್ಬಿಣದ ಕಾಲುವೆ, ಅಲುಗದಂತೆ ಒಂದು ತಿರುಪು, ಕೋನಕ್ಕೆ ಗೆರೆ ಹಾಕಿದ ಪಟ್ಟಿ. ಮೂವತ್ತೊಂದು ವರ್ಷ ನನ್ನ ಬೆರಳುಗಳು ಮಾಡಿದ್ದನ್ನು ಆ ತಿರುಪು ಮಾಡುತ್ತದಂತೆ!

"ಅಪ್ಪಾ, ಗೈಡೂ ಇರ‍್ಲಿ. ಹಿಡಿತ ಬಿಗಿ ಇರ್ತೈತಿ," ಎಂದಳು ಶಿಲ್ಪಾ ಮೆಲ್ಲಗೆ.

"ಯಾರ ಹಿಡಿತ ಸಡ್ಲ ಆಗೇತಿ?"

ಅವಳು ನೆಲ ನೋಡಿದಳು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ನನ್ನ ಕೈ ಇರೂತನಕಾ ಈ ಗೈಡ್ ನನ್ನ ಮನಿ ಹೊಸ್ತಲಾ ದಾಟೂದಿಲ್ಲ," ಎಂದು ಬರಿಗೈಯಲ್ಲಿ ಮನೆಗೆ ಬಂದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ ಮನೆಯ ಫಿಟ್ಟರ್ ಮಗಳ ಕಣ್ಣಿಗೆ ಫಿಟ್ಟರೇ ಅಲ್ಲ ಎಂದು ಮೂರು ದಿನ ಮುಖ ಊದಿಸಿಕೊಂಡು ತಿರುಗಿದೆ.

ಆಗ ಶಿಲ್ಪಾಳ ಕೈಯಲ್ಲಿ ಅಲ್ಲಿಯವರೆಗಿನ ದೊಡ್ಡ ಕೆಲಸ ಇತ್ತು. ಬ್ಯಾಡಗಿಯಲ್ಲಿ ನಸ್ರೀನ್ ಎಂಬ ಹೆಣ್ಣುಮಗಳು ಹತ್ತು ಜನ ಹೆಂಗಸರನ್ನು ಕೂಡಿಸಿಕೊಂಡು ಮೆಣಸಿನಪುಡಿ ಪ್ಯಾಕ್ ಮಾಡುವ ಘಟಕ ಹಾಕಿದ್ದಳು. ಅದಕ್ಕೆ ಇಪ್ಪತ್ತು ರ‍್ಯಾಕು. ಅರ್ಧ ಹಿಂದಿನ ವಾರವೇ ಕೂರಿಸಿ ಆಗಿತ್ತು, ಉಳಿದರ್ಧ ಕೂರಿಸಲು ಶಿಲ್ಪಾ ನನ್ನ ಮುನಿಸಿನ ಮೂರನೇ ದಿನ ಬೆಳಿಗ್ಗೆ ಹೋಗಿದ್ದಳು. ಮರುದಿನ ಬೆಳಿಗ್ಗೆ ಉದ್ಘಾಟನೆ.

ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಎತ್ತಿದವಳು ನನ್ನ ಹೆಂಡತಿ ಮಂಗಳವ್ವ. ನಾನು ಹೊರಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಡಬ್ಬಿಯ ಸಪ್ಪಳ.

"ಲಗೂ ಅಂಗಿ ಹಾಕ್ಕೊಳ್ರಿ. ಡಬ್ಬ್ಯಾಗಿನ ಗಿರಮಿಟ್ ತಗೊಂಡು ನಿಮ್ಮನ್ನ ಬ್ಯಾಡಗಿಗೆ ಬರಾಕ ಹೇಳ್ಯಾಳ ಶಿಲ್ಪಾ. ಮುಂದಿನ ಬಸ್ಸಿಗೇ ಹೋಗಬೇಕಂತ."

ನನ್ನ ಎದೆ ಒಂದು ಗೇಣು ಉಬ್ಬಿತು. ಶೆಡ್ಡಿನಲ್ಲಿ ಬಿಟ್ಟುಗಳಿಗಾಗಿ ಒಂದು ತಗಡಿನ ಡಬ್ಬಿ ಇದೆ, ನಾನು ಸಾಣೆ ಹಿಡಿದವೆಲ್ಲ ಅದರಲ್ಲಿರುತ್ತವೆ. ಹುಟ್ಟಿದಾಗಿನಿಂದ ಬಿಟ್ಟು, ಬಿಟ್ಟು ಅಂತಿದ್ದ, ನಾನು ಗಿರಮಿಟ್ ಅಂದರೆ ನಗುತ್ತಿದ್ದ ಮಗಳು ಇವತ್ತು ಕಷ್ಟಕ್ಕೆ ಸಿಕ್ಕು ನನ್ನ ಮಾತನ್ನೇ ಆಡಿದ್ದಾಳೆ! ಮಂಗಳವ್ವ ಕೈಚೀಲ ಕೊಟ್ಟಳು. ನೀರಿನ ಬಾಟಲಿಯೂ ಇದ್ದದ್ದರಿಂದ ಚೀಲ ಭಾರವೇ ಇತ್ತು.

"ಎಲ್ಲೀ ನಿಲ್ಲಬ್ಯಾಡ್ರಿ. ತಡಾ ಆದ್ರ ಮೆತ್ತಗ ಆಗ್ತೈತಿ," ಎಂದಳು.

ನಾನು ದಂಗಾದೆ. ಬಿಟ್ಟು ಕಾದು ನೀಲಿ ತಿರುಗಿದರೆ ಉಕ್ಕು ಮೆತ್ತಗಾಗುತ್ತದೆ, ಇದು ಕಸುಬಿನವರಿಗಷ್ಟೇ ಗೊತ್ತಿರುವ ಮಾತು. ನಲವತ್ತು ವರ್ಷ ನನ್ನ ಜೊತೆ ಬಾಳಿ ಇವಳೂ ಕಲಿತುಬಿಟ್ಟಳಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಮದುಮಗನ ಹಾಗೆ ಕುಳಿತೆ. ಮೋಟೆಬೆನ್ನೂರು ದಾಟಿದಾಗ ಉಳ್ಳಾಗಡ್ಡಿಯ ವಾಸನೆ ಬಂತು. ಪಕ್ಕದವನದಿರಬೇಕು ಎಂದು ಸ್ವಲ್ಪ ಸರಿದು ಕುಳಿತೆ.

ಬ್ಯಾಡಗಿಯಲ್ಲಿ ಇಳಿದ ಮೇಲೆ ಮೆಣಸಿನಕಾಯಿಯ ಘಾಟಿನ ಮುಂದೆ ಬೇರೆ ಯಾವ ವಾಸನೆಯೂ ಉಳಿಯಲಿಲ್ಲ. ಘಟಕದ ಬಾಗಿಲಲ್ಲಿ ಶಿಲ್ಪಾ ಕಾಯುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಅಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು. ಕೊನೆಯ ನಾಲ್ಕು ರ‍್ಯಾಕು ವಾಲುತ್ತಿದ್ದವು. ಕಾಲಿನ ಪಟ್ಟಿಗಳಿಗೆ ಹೊಸದಾಗಿ ಹದಿನಾರು ತೂತು ಬೇಕಿತ್ತು. ಅವಳು ತಂದಿದ್ದ ಮೂರೂ ಬಿಟ್ಟು ಮೊಂಡಾಗಿದ್ದವು, ಡಬ್ಬಿ ಮನೆಯಲ್ಲಿ ಮರೆತಿದ್ದಳು.

"ತಂದಿಯೇನಪ್ಪಾ?"

"ತರದ ಬಿಡ್ತೇನೇನು?" ಎಂದು ಜಂಬದಿಂದ ಚೀಲ ಕೊಟ್ಟೆ.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಮಂಡಕ್ಕಿ, ಮೇಲೆ ಕೊತ್ತಂಬರಿ, ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಮಿರ್ಚಿ ಭಜಿ. ಕೆಲಸದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮನೆಗೆ ಫೋನು ಹಚ್ಚಿದರೆ ಮಂಗಳವ್ವ ನನ್ನನ್ನೇ ಗದರಿದಳು. "ಗಿರಮಿಟ್ ಅಂತ ಕಬ್ಬಿಣಕ್ಕ ಅನ್ನೂದು ನೀವೊಬ್ರ. ಶಿಲ್ಪಾ ಬಾಯಾಗ ಗಿರಮಿಟ್ ಅಂದ್ರ ತಿನ್ನೂದ ಅಲ್ಲೇನ್ರಿ? ಹಸದಾಳಂತ ಕಲಸಿ ಕೊಟ್ಟೆ!" ಅವಳ ಮಾತಿನಲ್ಲೂ ತಪ್ಪಿರಲಿಲ್ಲ.

ಮತ್ತೆ ಮನೆಗೆ ಹೋಗಿಬರಲು ಹೊತ್ತಿರಲಿಲ್ಲ. ನನಗೆ ಒಳಗೊಳಗೇ ಖುಷಿಯೇ ಆಯಿತು. "ಗಿರಮಿಟ್ ಇಲ್ಲದಿದ್ರ ಏನಾತು, ಗಿರಮಿಟ್ ಹಿಡಿಯಾಂವ ಬಂದಾನಲ್ಲ," ಎಂದು ತೋಳು ಮಡಚಿದೆ. ಶಿಲ್ಪಾ ಸಾಮಾನಿನ ಚೀಲ ಬಿಚ್ಚಿದಳು. ಗ್ರೈಂಡರನ್ನು ವೈಸಿಗೆ ಬಿಗಿದುಕೊಟ್ಟಳು. ಹತ್ತು ಹೆಂಗಸರು ಸುತ್ತ ನಿಂತರು. ನಾನು ಒಂದು ಬಿಟ್ಟು ತೆಗೆದುಕೊಂಡು ಕಿಡಿ ಹಾರಿಸಿ, ಹೆಬ್ಬೆರಳ ಉಗುರಿಗೆ ತುದಿ ಮುಟ್ಟಿಸಿ ನೋಡಿ ಕೊಟ್ಟೆ. ಮೇಸ್ತ್ರಿ ಹಾಗೇ ಮಾಡುತ್ತಿದ್ದರು.

ಶಿಲ್ಪಾ ಕೊರೆದಳು. ಬಿಟ್ಟು ಕಿರ‍್ರೆಂದು ಕಿರುಚಿತು, ಗುರುತಿನಿಂದ ಪಕ್ಕಕ್ಕೆ ಜಾರಿತು, ಒಂದೇ ಕಡೆಯಿಂದ ಪುಡಿ ಉದುರಿಸಿತು. ತೂತಿಗೆ ಬೋಲ್ಟು ಹಾಕಿದರೆ ಗಡಗಡ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

"ಈ ಗ್ರೈಂಡರ್ ಅಲುಗತೈತಿ," ಎಂದೆ.

ಆಗ ನಸ್ರೀನ್, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು, "ಹೌದ್ರಿ ಕಾಕಾ, ಹೋದ ವಾರಾನೂ ಹಂಗ ಆಗಿತ್ತು. ನೀವು ಹಿಡದ ಕೊಟ್ಟಿದ್ದನ್ನೆಲ್ಲಾ ಶಿಲ್ಪಾ ಇಲ್ಲೇ ಕುಂತು ಮತ್ತೊಮ್ಮಿ ಹಿಡದಳು. ಇದ ಗ್ರೈಂಡರ್ ಮ್ಯಾಲ."

ಶಿಲ್ಪಾ ನನ್ನ ಮುಖ ನೋಡಲಿಲ್ಲ.

"ಎಷ್ಟ ದಿನದಿಂದ ನಡದೈತಿ ಇದು?" ಎಂದೆ.

"ಶ್ರಾವಣದಿಂದ, ಅಪ್ಪಾ," ಎಂದಳು. "ನೀ ಮಧ್ಯಾಹ್ನ ಮಲಗಿದಾಗ. ಒಂದು ತುಟಿ ಒಂದೀಟ ಕಡಿಮಿ ಇರ್ತಿತ್ತು, ಅಷ್ಟ."

ಮೋಟರು ಸುಡುವುದಕ್ಕೂ ಮೊದಲಿನಿಂದ. ಅಂದರೆ ಗ್ರೈಂಡರಿನ ಮೇಲೆ ಹಾಕಲು ನನಗೆ ಯಾವ ತಪ್ಪೂ ಉಳಿಯಲಿಲ್ಲ. ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಲ್ಲಿಂದಲೇ ಬಸ್ ನಿಲ್ದಾಣದ ದಾರಿ ಹಿಡಿಯಬೇಕೆಂದೂ ಅನ್ನಿಸಿತು.

ಅಷ್ಟರಲ್ಲಿ ಶಿಲ್ಪಾ ಎರಡನೇ ಬಿಟ್ಟು ಕೈಗೆತ್ತಿಕೊಂಡಳು. ಎಡಗೈ ತೋರುಬೆರಳ ಮೇಲೆ ಅದನ್ನು ಮಲಗಿಸಿ, ಬಲಗೈಯಿಂದ ಹಿಂಭಾಗವನ್ನು ಮೆಲ್ಲನೆ ತಗ್ಗಿಸುತ್ತಾ ಕಲ್ಲಿಗೆ ಮುಟ್ಟಿಸಿದಳು. ನಾನು ಹಾಗೇ ನಿಂತುಬಿಟ್ಟೆ. ಆ ಮಣಿಕಟ್ಟು ತಿರುಗಿದ ರೀತಿ ನನ್ನದು. ಕಾಯದಿರಲಿ ಎಂದು ನಡುನಡುವೆ ನೀರಿಗೆ ಅದ್ದುವುದು ನನ್ನದು. ಕೊನೆಗೆ ತುದಿಯನ್ನು ಊದಿ ಹೆಬ್ಬೆರಳ ಉಗುರಿಗೆ ಮುಟ್ಟಿಸಿದ್ದು ಗೋಣೆಪ್ಪ ಮೇಸ್ತ್ರಿಯದು. ಮೇಸ್ತ್ರಿ ತೀರಿಕೊಂಡಾಗ ಇವಳಿನ್ನೂ ಹುಟ್ಟಿರಲಿಲ್ಲ. ನಾನು ಇವಳಿಗೆ ಒಂದು ದಿನವೂ ಕೂರಿಸಿಕೊಂಡು ಕಲಿಸಿದವನಲ್ಲ, ನಾನಿರುವಾಗ ಅವಳಿಗೇಕೆ ಎಂಬ ಧಿಮಾಕು ನನಗೆ. ಇವಳು ನೋಡಿಯೇ ಕಲಿತಿದ್ದಳು. ಬಿಟ್ಟಿಗಿಂತ ಹೆಚ್ಚಾಗಿ ನನ್ನ ಮುನಿಸು ಮುರಿಯಲೆಂದೇ ನನ್ನನ್ನು ಕರೆಸಿದ್ದಳು ಎಂದು ಆಗ ಹೊಳೆಯಿತು.

ಬಿಟ್ಟನ್ನು ಮಶೀನಿಗೆ ಹಾಕಿ ಒತ್ತಿದಳು. ಕಿರುಚಾಟವಿಲ್ಲ. ಎರಡೂ ಕಡೆಯಿಂದ ಎರಡು ಸುರುಳಿ ಒಂದೇ ಉದ್ದಕ್ಕೆ, ಒಂದೇ ದಪ್ಪಕ್ಕೆ, ಒರಳಿನಿಂದ ಚಕ್ಕುಲಿ ಇಳಿದ ಹಾಗೆ ಸುತ್ತಿಕೊಂಡು ಬಂದವು. ಬೋಲ್ಟು ಹಾಕಿದರೆ ಬಿಗಿಯಾಗಿ ಕೂತಿತು. ನನ್ನ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ನನಗೆ ಶಾಲು ಹೊದಿಸಿದ ದಿನವೂ ನನ್ನ ಎದೆ ಅಷ್ಟು ತುಂಬಿ ಬಂದಿರಲಿಲ್ಲ. ಸುತ್ತ ನಿಂತ ಹೆಂಗಸರಿಗೆ, "ನೋಡ್ರವಾ, ಎರಡೂ ಸುರುಳಿ ನೋಡ್ರಿ! ನನ್ನ ಮಗಳು!" ಎಂದು ಕೂಗಿದೆ. ಅವರಿಗೆ ಸುರುಳಿಯ ಮರ್ಮ ತಿಳಿಯಲಿಲ್ಲ, ನಾನು ಕೂಗಿದ್ದಕ್ಕೆ ನಕ್ಕರು.

ಒಂದು ಸತ್ಯ ಇಲ್ಲಿ ಹೇಳಲೇಬೇಕು. ಗೋಣೆಪ್ಪ ಮೇಸ್ತ್ರಿಯ ಕೈ ನಿವೃತ್ತಿಯ ದಿನದವರೆಗೂ ತಪ್ಪಲಿಲ್ಲ ಎಂದೆನಲ್ಲ, ಅದು ಸುಳ್ಳು. ಕೊನೆಯ ಒಂದು ವರ್ಷ ಅವರು ಹಿಡಿದದ್ದನ್ನೆಲ್ಲ ಊಟದ ಬಿಡುವಿನಲ್ಲಿ ನಾನು ಮತ್ತೊಮ್ಮೆ ಹಿಡಿದಿಡುತ್ತಿದ್ದೆ. ಇದನ್ನು ನಾನು ಮಂಗಳವ್ವನಿಗೂ ಹೇಳಿಲ್ಲ. ಕಲಿಸಿದವರ ಕೈ ಸೋತಾಗ ಅದನ್ನು ಮುಚ್ಚಿಡುವುದೂ ಕಸುಬಿನ ಒಂದು ಭಾಗ ಎಂದು ನಾನು ತಿಳಿದಿದ್ದೆ. ಅದನ್ನು ಮಾತ್ರ ಶಿಲ್ಪಾ ಯಾರಿಂದಲೂ ನೋಡಿ ಕಲಿತಿರಲಿಲ್ಲ.

ಹದಿನಾರು ತೂತೂ ಹೊತ್ತು ಮುಳುಗುವುದಕ್ಕೆ ಮುಂಚೆ ಮುಗಿದವು. ಶಿಲ್ಪಾ ಕೊರೆದಳು, ನಾನು ಪಟ್ಟಿ ಹಿಡಿದೆ. ರ‍್ಯಾಕುಗಳು ನೇರ ನಿಂತ ಮೇಲೆ ಎಲ್ಲರೂ ಕೂತು ಡಬ್ಬಿ ತೆರೆದೆವು. ಗಿರಮಿಟ್ ಪೂರ್ತಿ ಮೆತ್ತಗಾಗಿತ್ತು. ಮಂಗಳವ್ವ ಎಚ್ಚರಿಸಿಯೇ ಕಳಿಸಿದ್ದಳು.

"ಸಿಟ್ಟಾಗೀ ಏನಪ್ಪಾ?" ಎಂದಳು ಶಿಲ್ಪಾ, ಮಿರ್ಚಿ ಮುರಿಯುತ್ತ.

"ಆಗೇನಿ. ಒಂದ ಬಿಟ್ಟಿನ ಬೆನ್ನು ಇನ್ನೊಂದೀಟ ತಗ್ಗಬೇಕಿತ್ತು," ಎಂದೆ. ಅವಳು ನಕ್ಕಳು.

ಮರುವಾರ ನಾನೊಬ್ಬನೇ ಶಾಕೀರನ ಅಂಗಡಿಗೆ ಹೋದೆ. ಎರಡು ಚಕ್ರದ ಸಾಣೆ ಕಟ್ಟಲು ಹೇಳಿದೆ. ಮೇಜಿನ ಎತ್ತರಕ್ಕೆಂದು ಶಿಲ್ಪಾಳ ಮೊಣಕೈಯವರೆಗೆ ದಾರದಲ್ಲಿ ಅಳತೆ ತೆಗೆದುಕೊಂಡು ಹೋಗಿದ್ದೆ, ಅದಕ್ಕೆ ಸರಿಯಾದ ಸ್ಟ್ಯಾಂಡನ್ನೂ ಆರಿಸಿದೆ.

"ಆ ಗೈಡನ್ನೂ ಕಟ್ಟು," ಎಂದೆ.

ಶಾಕೀರ ನಕ್ಕ. "ಹೊಸ್ತಲಾ ದಾಟೂದಿಲ್ಲ ಅಂದಿದ್ರೆಲ್ರಿ ಉಡಚಪ್ಪಣ್ಣಾ! ಕಡೀಕ ಮಗಳ ಹಟಾನ ಗೆದ್ದಿತು ಅನ್ರಿ."

"ಆಕಿಗ್ಯಾಕೋ ಗೈಡು? ಆಕಿ ಬರಿಗೈಲೆ ಹಿಡಿತಾಳ, ಎರಡೂ ತುಟಿ ಸಮ," ಎಂದೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಗೈಡ್ ನನಗ. ನನ್ನ ಕೈ ನಡಗತೈತಿ."