ಬದುಕಿದ್ದವನ ಸಾವು

ಗದಗಿನ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸುಭಾಸನ ಆಫೀಸು. ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೀಟು ಎಲ್ಲ ಮಾಡಿಸಿಕೊಡುತ್ತಿದ್ದ. ಹರ್ತಿಯಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಟೈಪು ಮಾಡುತ್ತಿದ್ದವಳು ಅವನ ಅಕ್ಕ ಕಾವೇರಿಯ ಮಗಳು ವಿದ್ಯಾಶ್ರೀ. ಅವಳನ್ನು ಡಿಗ್ರಿಯವರೆಗೆ ಓದಿಸಿದವನು ಸುಭಾಸನೇ. ಅದನ್ನು ಅವಳು ಮರೆಯದ ಹಾಗೆ ಅವನು ನೋಡಿಕೊಳ್ಳುತ್ತಿದ್ದ.

ಶಾಹಿಸ್ತಾ ಅಲ್ಲಿಗೆ ಬಂದಾಗ ವಿದ್ಯಾಶ್ರೀ ಅವಳನ್ನು ಲಕ್ಷ್ಮೇಶ್ವರದ ಕಡೆಯವಳು ಅಂದುಕೊಂಡಿದ್ದಳು. ಹೆಸರು ಹಾಗಿತ್ತು, ಕನ್ನಡವೂ ಬರುತ್ತಿತ್ತು. ಅವಳು ಅಫ್ಘಾನಿಸ್ತಾನದ ಹೆರಾತಿನವಳು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಊರಿನ ರೇಡಿಯೋದಲ್ಲಿ ಹುಡುಗಿಯರು ಓದಬೇಕು ಅಂತ ಮಾತಾಡುತ್ತಿದ್ದಳು. ಮುಂದೆ ಓದಲೆಂದು ಗದಗಿಗೆ ಬಂದು ಇನ್ನೂ ಹಾಸಿಗೆ ಬಿಚ್ಚಿ ಹಾಸಿರಲಿಲ್ಲ, ಅಷ್ಟರಲ್ಲಿ ಅವಳ ದೇಶದಲ್ಲಿ ತಾಲಿಬಾನಿನವರು ಆಳಲು ಕೂತರು. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಓದಿಗೆ ಬೇಕಾದ ಮಾಹಿತಿ ಕೂಡಿಸಲು ತಿರುಗಿ ತಿರುಗಿ ಕನ್ನಡ ಕಲಿತಳು. ಓದು ಮುಗಿಯಿತು. ಬೆಟಗೇರಿಯಲ್ಲಿ ಬಾನುಬಿ ಅನ್ನುವವಳ ಮನೆಯ ಹಿಂದಿನ ಖೋಲಿಯಲ್ಲಿ ಇದ್ದಳು. ಪೊಲೀಸರು ಪದೇಪದೇ ವಿಚಾರಣೆಗೆ ಬರುತ್ತಾರೆಂದು ಬಾನುಬಿ ಖೋಲಿ ಖಾಲಿ ಮಾಡು ಅನ್ನುತ್ತಿದ್ದಳು. ಊರಿಗೆ ಮರಳುವ ಹಾಗಿರಲಿಲ್ಲ. ಅವಳನ್ನು ಕೇಳಿಕೊಂಡು ಅಪ್ಪನ ಮನೆಗೆ ಎರಡು ಸಲ ಬಂದೂಕಿನವರು ಬಂದು ಹೋಗಿದ್ದರು.

ಅವಳ ಅಣ್ಣ ಆಸ್ಟ್ರೇಲಿಯಾದಲ್ಲಿದ್ದ. ಮಾನವೀಯ ನೆಲೆಯ ವೀಸಾ ಅಂತ ಒಂದಿದೆ, ನಿನ್ನ ಪರವಾಗಿ ಇಲ್ಲಿಂದ ನಾನು ಅರ್ಜಿ ಹಾಕುತ್ತೇನೆ, ನಿನ್ನ ಕಡೆಯ ಕಾಗದ ಸರಿಯಾಗಿ ಬರೆಸು ಅಂತ ಅವನು ಹೇಳಿದ್ದ. ಅದಕ್ಕೇ ಅವಳು ಸುಭಾಸನ ಹತ್ತಿರ ಬಂದಿದ್ದು. ಅವನು ಪಾಸ್‌ಪೋರ್ಟು ತೆಗೆದುಕೊಂಡು, ತಿಜೋರಿಯಲ್ಲಿಟ್ಟು, ನಾಲ್ಕು ದಿನ ಬಿಟ್ಟು ಬರಲು ಹೇಳಿ ಕಳಿಸಿದ.

ಅವಳು ಮತ್ತೆ ಬಂದ ದಿನ ಸುಭಾಸ ಕುರ್ಚಿಗೆ ಒರಗಿ ಕೂತು ಅವಳ ಕಥೆಯನ್ನು ತಾನೇ ಹೇಳಿ ವಿದ್ಯಾಶ್ರೀಯಿಂದ ಟೈಪು ಮಾಡಿಸತೊಡಗಿದ. ತಾಲಿಬಾನಿನವರು ನನ್ನನ್ನು ಚೌಕದಲ್ಲಿ ನಿಲ್ಲಿಸಿ ಛಡಿಯಿಂದ ಹೊಡೆದರು. ಅಡ್ಡ ಬಂದ ಅಪ್ಪನನ್ನು ಗುಂಡಿಟ್ಟು ಕೊಂದರು. ಶಾಹಿಸ್ತಾ ಇದು ತನ್ನ ಕಥೆಯಲ್ಲ ಅಂದಳು. ಅವನು ಕೈ ಎತ್ತಿ ತಡೆದ. ದೊಡ್ಡ ಆಫೀಸರುಗಳ ಮುಂದೆ ಇಂಥವು ರಾಶಿ ಬೀಳುತ್ತವೆ, ರಕ್ತ ಕಾಣದಿದ್ದರೆ ಯಾರೂ ಓದುವುದಿಲ್ಲ ಅಂದ.

"ನನ್ನನ್ನು ಯಾರೂ ಹೊಡೆದಿಲ್ಲ," ಅಂದಳು ಶಾಹಿಸ್ತಾ. "ನಾನು ಅವರ ಕೈಗೆ ಸಿಕ್ಕಿಲ್ಲ, ಅದಕ್ಕೆ."

ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಹೆರಾತಿನಿಂದ ಅಪ್ಪನ ವಿಡಿಯೋ ಕಾಲ್. ಬಿಳಿ ಗಡ್ಡದ, ಒಂದು ಕಡೆಯ ಬಾಯಿ ಸೊಟ್ಟಗಾದ ಮುದುಕ. ಕೆಲಸ ಎಲ್ಲಿಗೆ ಬಂತು ಅಂತ ಕೇಳಿದನಂತೆ. ಅವಳು ಮೊಬೈಲು ತಿರುಗಿಸಿ ಇವರೇ ಕಾಗದ ಮಾಡುವವರು ಅಂತ ತೋರಿಸಿದಳು. ಮುದುಕ ನಡುಗುವ ಕೈಯನ್ನು ಎದೆಗೆ ಒತ್ತಿ ಸಲಾಮ್ ಮಾಡಿದ. ಸುಭಾಸನೂ ನಗುತ್ತ ಕೈ ಮುಗಿದ. ಕಾಲ್ ಮುಗಿಯಿತು.

"ಎಲ್ಲಿಗೆ ಬಂದಿದ್ವಿ, ವಿದ್ಯಾ?" ಅಂದ ಅವನು. "ಅಪ್ಪನ್ನ ಕೊಂದ್ರು. ಮುಂದ ಟೈಪ್ ಹೊಡಿ."

ವಿದ್ಯಾಶ್ರೀಯ ಕೈ ಏಳಲಿಲ್ಲ. ಇಂಥ ಸಾವುಗಳನ್ನು ಅವಳು ಮೊದಲೂ ಟೈಪು ಮಾಡಿದ್ದಳು, ಸತ್ತವರ ಮುಖ ಮಾತ್ರ ಎಂದೂ ನೋಡಿರಲಿಲ್ಲ. ಆ ಕಡೆ ಅಣ್ಣ ತನ್ನ ಅರ್ಜಿಯಲ್ಲಿ ಅಪ್ಪ ಇದ್ದಾನೆ ಅಂತ ಬರೆದಿರುತ್ತಾನೆ, ಇಲ್ಲಿ ನಾವು ಸತ್ತ ಅಂತ ಬರೆದರೆ ಎರಡನ್ನೂ ಒಬ್ಬನೇ ಆಫೀಸರು ಓದುತ್ತಾನಲ್ಲ ಮಾಮಾ, ಅಂತ ಮೆಲ್ಲಗೆ ಕೇಳಿದಳು. ಸುಭಾಸನ ಮುಖ ಕಪ್ಪಿಟ್ಟಿತು. ಟೈಪು ಮಾಡುವವರು ಟೈಪು ಮಾಡಬೇಕು, ವಕೀಲಿ ಮಾಡಬಾರದು ಅಂದ. ಶಾಹಿಸ್ತಾ ಎದ್ದು ತನ್ನ ಪಾಸ್‌ಪೋರ್ಟು ಕೊಡಿ ಅಂದಳು. ಮೊದಲು ಸಹಿ ಮಾಡು, ಆಮೇಲೆ ಪಾಸ್‌ಪೋರ್ಟು ಅಂದ ಅವನು. ಈ ದೇಶದಲ್ಲಿ ಇರಲು ಅವಳಿಗಿದ್ದ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು. ಪಾಸ್‌ಪೋರ್ಟು ತೋರಿಸದೆ ಪೊಲೀಸರು ಅದನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

"ಹೋಗು, ಎಲ್ಲಿಗೆ ಹೋಗ್ತಿ ಹೋಗು," ಅಂದ. "ತಾರೀಖು ಮುಗಿದ ಮರುದಿನ ಪೊಲೀಸರಿಗೆ ನಾನ ಫೋನ್ ಹಚ್ತೇನಿ."

ಆ ಸಂಜೆ ವಿದ್ಯಾಶ್ರೀ ಹರ್ತಿಯ ಬಸ್ಸು ಹತ್ತದೆ ಬೆಟಗೇರಿಗೆ ಹೋದಳು. ಶಾಹಿಸ್ತಾ ಬಾಗಿಲನ್ನು ಅರ್ಧ ಮಾತ್ರ ತೆರೆದು, ಸಹಿ ಮಾಡಿಸಲು ಕಳಿಸಿದ್ದಾನಾ ಅಂತ ಕೇಳಿದಳು. ಅಲ್ಲ ಅಂದರೂ ಒಳಗೆ ಕರೆಯಲಿಲ್ಲ. ವಿದ್ಯಾಶ್ರೀ ಹೊಸ್ತಿಲಲ್ಲೇ ನಿಂತು, ಆ ದಿನ ಮಧ್ಯಾಹ್ನ ಆಸ್ಟ್ರೇಲಿಯಾ ಸರ್ಕಾರದ ವೆಬ್‌ಸೈಟಿನಲ್ಲಿ ತಾನು ಓದಿದ್ದನ್ನು ಹೇಳಿದಳು. ಈ ವೀಸಾ ಬಡವರಿಗೆ ಅಂತಲ್ಲ, ತಮ್ಮ ದೇಶಕ್ಕೆ ಮರಳಿದರೆ ಉಳಿಗಾಲವಿಲ್ಲ ಅನ್ನುವವರಿಗೆ. ಅರ್ಜಿ ಹಾಕುವಾಗ ತಮ್ಮ ದೇಶದ ಹೊರಗೆ ಇರಬೇಕು, ಅದು ಇದೆ. ಆ ಕಡೆ ಪರವಾಗಿ ನಿಲ್ಲುವವರು ಬೇಕು, ಅಣ್ಣ ಇದ್ದಾನೆ. ಅರ್ಜಿಗೆ ಶುಲ್ಕವೇ ಇಲ್ಲ. ಆದರೆ ಒಂದು ಸುಳ್ಳು ಸಿಕ್ಕಿಬಿದ್ದರೂ ಖರೆ ಹೇಳಿದ್ದನ್ನೂ ನಂಬುವುದಿಲ್ಲ.

ಶಾಹಿಸ್ತಾ ಎಲ್ಲ ಕೇಳಿದಳು. "ಇದನ್ನೆಲ್ಲ ಮೊದಲೇ ಓದಬಹುದಿತ್ತಲ್ಲ ನೀವು," ಅಂದಳು.

ವಿದ್ಯಾಶ್ರೀಗೆ ಸಿಟ್ಟು ಬಂತು. ಆದರೂ, ನಾಳೆ ನೀವೇ ಪೊಲೀಸರ ಹತ್ತಿರ ಹೋಗಿ, ಅವನು ಫೋನು ಮಾಡುವ ಮೊದಲು, ನಾನೂ ಬರುತ್ತೇನೆ ಅಂದಳು.

ಮರುದಿನ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ, ಪರದೇಶದವರ ಕಾಗದ ನೋಡುವ ಪುಂಡಲೀಕಪ್ಪ ಇಬ್ಬರನ್ನೂ ಬಾಯಿಗೆ ಬಂದ ಹಾಗೆ ಬೈದ. ಪಾಸ್‌ಪೋರ್ಟನ್ನು ಯಾರಾದರೂ ಹೀಗೆ ಏಜೆಂಟನ ಕೈಗೆ ಕೊಡುತ್ತಾರೇನು, ನಾಳೆ ನಮ್ಮ ತಲೆಗೆ ಬರುವುದಲ್ಲವೇ ಅಂದ. ಆಮೇಲೆ ವಿದ್ಯಾಶ್ರೀಯ ಕಡೆ ತಿರುಗಿ, ನೀನು ಅಲ್ಲೇ ಕೆಲಸಕ್ಕಿರುವವಳಲ್ಲವೇ, ನಿನ್ನ ಮಾಲೀಕನ ಮೇಲೆ ಬರೆದುಕೊಡುತ್ತೀಯಾ ಅಂತ ಕೇಳಿದ. ಅವನು ನಮ್ಮ ಮಾಮಾ ಅಂದಳು ವಿದ್ಯಾಶ್ರೀ. ಪುಂಡಲೀಕಪ್ಪ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ. ಅವಳು ನೋಡಿದ್ದು, ಕೇಳಿದ್ದು ಅಷ್ಟನ್ನೂ ಬರೆದು ಸಹಿ ಮಾಡಿದಳು.

ಕಚೇರಿಯಿಂದ ಕರೆ ಹೋದ ಮೇಲೆ ಸುಭಾಸ ಪಾಸ್‌ಪೋರ್ಟು ತಂದು ಮೇಜಿನ ಮೇಲೆ ಒಗೆದ. ಶಾಹಿಸ್ತಾಳನ್ನು ನೋಡಲೂ ಇಲ್ಲ. ವಿದ್ಯಾಶ್ರೀಯ ಮುಂದೆ ನಿಂತು, "ನಾಯಿಗೆ ಅನ್ನ ಹಾಕಿದ್ರ ಬಾಲಾ ಅಲ್ಲಾಡಸ್ತಿತ್ತು. ನಿನ್ನ ಓದಿಸಿ ಕೆಟ್ಟೆ," ಅಂದ.

ಮನೆ ತಲುಪುವ ಮೊದಲೇ ಖಬರು ಹರ್ತಿ ಮುಟ್ಟಿತ್ತು. ಕಾವೇರಿ ಮಗಳಿಗೆ ನೀರು ಕೂಡ ಕೊಡಲಿಲ್ಲ. ಯಾವ ದೇಶದವಳೋ ಏನೋ, ಅವಳಿಗಾಗಿ ನನ್ನ ತಮ್ಮನನ್ನು ಠಾಣೆಯ ಕಟ್ಟೆ ಹತ್ತಿಸಿದೆ ಅಂತ ಓಣಿಗೆಲ್ಲ ಕೇಳುವಂತೆ ಅಂದಳು. ಅವ್ವ, ಒಬ್ಬಾಕಿಯ ಅಪ್ಪನನ್ನು ಸುಳ್ಳು ಸುಳ್ಳೇ ಸಾಯಿಸುತ್ತಿದ್ದ ಅಂತ ವಿದ್ಯಾಶ್ರೀ ಹೇಳಿದಳು. ಕಾಗದದಾಗ ಸತ್ತರೆ ಯಾರೂ ಸಾಯುವುದಿಲ್ಲ, ಸಂಬಂಧ ಸಾಯುತ್ತದೆ ಅಂದಳು ಕಾವೇರಿ. ಅಂದಿನಿಂದ ಅವ್ವ ಮಗಳ ನಡುವೆ ರೊಟ್ಟಿ ಹಾಕುವ, ಎತ್ತುವ ಮಾತಷ್ಟೇ ಉಳಿಯಿತು.

ಶಾಹಿಸ್ತಾಳ ಕಥೆಯನ್ನು ಇಬ್ಬರೂ ಬೆಟಗೇರಿಯ ಖೋಲಿಯಲ್ಲಿ ಕೂತು ಹೊಸದಾಗಿ ಬರೆದರು. ಹೊಡೆತ ಇರಲಿಲ್ಲ, ಗುಂಡು ಇರಲಿಲ್ಲ. ರೇಡಿಯೋದಲ್ಲಿ ಆಡಿದ ಮಾತು, ಮುಚ್ಚಿದ ಶಾಲೆ, ಮನೆಗೆ ಬಂದವರು ಅಪ್ಪನಿಗೆ ಹೇಳಿ ಹೋದದ್ದು, ಇಷ್ಟೇ ಇತ್ತು. ಪ್ರತಿಯೊಂದು ಸಾಲನ್ನೂ ಶಾಹಿಸ್ತಾ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದಳು. ಒಂದು ಕಡೆ ವಿದ್ಯಾಶ್ರೀ, ಅಪ್ಪನನ್ನು ಹೆದರಿಸಿದರು ಅನ್ನುವುದಕ್ಕೆ ತಳ್ಳಿದರು ಅಂತ ಸೇರಿಸೋಣವೇ, ಸ್ವಲ್ಪ ಬಲ ಬರುತ್ತದೆ ಅಂದಳು. ಶಾಹಿಸ್ತಾ ಲ್ಯಾಪ್‌ಟಾಪು ತನ್ನ ಕಡೆ ಎಳೆದುಕೊಂಡಳು.

"ನೀವೂ ಅದೇ ಆಫೀಸಿನವರು," ಅಂದಳು.

ಮುಂದಿನ ಸಾಲುಗಳನ್ನು ಅವಳೇ ಟೈಪು ಮಾಡಿದಳು. ವಿದ್ಯಾಶ್ರೀ ಬರೀ ತಪ್ಪು ತಿದ್ದಿದಳು.

ಅಣ್ಣನ ಅರ್ಜಿಯೊಂದಿಗೆ ಅದು ಹೋಯಿತು. ತಲುಪಿದೆ ಅಂತ ಒಂದು ಇಮೇಲು ಬಂದದ್ದು ಬಿಟ್ಟರೆ ಬಹಳ ದಿನ ಏನೂ ಇಲ್ಲ. ಪುಂಡಲೀಕಪ್ಪ ಗೊಣಗುತ್ತಲೇ ಪ್ರತಿ ಸಲ ಅವಳ ಅವಧಿಯ ಕಾಗದವನ್ನು ಮೇಲಿನವರಿಗೆ ಕಳಿಸಿದ. ಬಾನುಬಿ ಕೊನೆಗೂ ಖೋಲಿ ಬಿಡಿಸಿದಳು. ಶಾಹಿಸ್ತಾ ಲಕ್ಷ್ಮೇಶ್ವರದಲ್ಲಿ ಇನ್ನೊಂದು ಖೋಲಿ ಹಿಡಿದು, ಬಟ್ಟೆ ಹೊಲಿದು ದಿನ ದೂಡಿದಳು. ಮರುವರ್ಷದ ಮಳೆಗಾಲದಲ್ಲಿ ಸಂದರ್ಶನಕ್ಕೆ ಕರೆದರು. ಅಪ್ಪನ ಬಗ್ಗೆಯೇ ಹೆಚ್ಚು ಕೇಳಿದರಂತೆ. ಅದಾದ ಮೇಲೆ ವೈದ್ಯರ ತಪಾಸಣೆ, ಮತ್ತೆ ಕಾಯುವುದು. ವೀಸಾ ಬಂತು.

ಅವಳು ಫೋನು ಮಾಡಿ ಆ ಸುದ್ದಿಯನ್ನಷ್ಟೇ ಹೇಳಿದಳು. ವಿದ್ಯಾಶ್ರೀ ಕಳಿಸಿಕೊಡಲು ರೈಲ್ವೆ ಸ್ಟೇಷನ್ನಿಗೆ ಬರಲಾ ಅಂತ ಕೇಳಿದಾಗ, ಬೇಡ ಅಂದಳು. ಸಿಟ್ಟಿನ ದನಿಯಲ್ಲ, ಆದರೂ ಬೇಡ.

ವಿದ್ಯಾಶ್ರೀ ಈಗ ಮುಂಡರಗಿಯ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಯಾರಾದರೂ ಕೇಳಿಕೊಂಡು ಬಂದರೆ ಇಂಥ ಅರ್ಜಿ ಬರೆದುಕೊಡುತ್ತಾಳೆ. ಧಾರವಾಡದಲ್ಲಿ ಓದುತ್ತಿದ್ದ ಅಫ್ಘಾನಿಸ್ತಾನದ ಇಬ್ಬರು ಹೀಗೆಯೇ ಬಂದು ಬರೆಸಿಕೊಂಡು ಹೋದರು. ಇಬ್ಬರಿಗೂ ವೀಸಾ ಆಗಲಿಲ್ಲ. ಯಾಕೆ ಅಂತ ಅವಳಿಗೂ ತಿಳಿಯಲಿಲ್ಲ, ಅವರು ಹೇಳಿದ್ದೆಲ್ಲ ಖರೆಯೇ ಇತ್ತು.

ಹಿಂದಿನ ತಿಂಗಳು ಸಂಬಂಧಿಕರ ಮದುವೆಯಲ್ಲಿ ಸುಭಾಸ ಎದುರಾದ. ಆ ಇಬ್ಬರ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು.

"ನಿನ್ನ ಖರೇತನಾ ಆ ಇಬ್ಬರನ್ನ ಎಲ್ಲಿಗೆ ಮುಟ್ಟಿಸ್ತು?" ಅಂತ ನಾಲ್ಕು ಜನರ ನಡುವೆ ಕೇಳಿದ.

"ಎಲ್ಲಿಗೂ ಇಲ್ಲ," ಅಂದಳು ವಿದ್ಯಾಶ್ರೀ.

ಅವನು ಅವಳ ಮುಂದಿನ ಮಾತಿಗೆ ಕಾಯುತ್ತ ನಿಂತ. ಕಾವೇರಿ ತಮ್ಮನ ತೋಳು ಹಿಡಿದು ಊಟದ ಸಾಲಿಗೆ ಕರೆದುಕೊಂಡು ಹೋದಳು. ವಿದ್ಯಾಶ್ರೀ ಎದುರಿನ ಸಾಲಿನಲ್ಲಿ, ತುದಿಯ ಎಲೆಗೆ ಕೂತು ಉಂಡಳು.