ಫಕೀರವ್ವನ ಕೈ

ಫಕೀರವ್ವನ ಎರಡೂ ಕೈಗಳನ್ನು ಆಸ್ಪತ್ರೆಯವರು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದರು.

ಬಚ್ಚಲಲ್ಲಿ ಬಿದ್ದು ತಲೆಗೆ ಪೆಟ್ಟಾದಂದಿನಿಂದ ಅವಳಿಗೆ ಮಾತಿರಲಿಲ್ಲ. ಬಾಯಿಗೆ ಚಮಚೆ ಇಟ್ಟರೆ ಹಲ್ಲು ಕಚ್ಚುತ್ತಾಳೆಂದು ಮೂಗಿನಿಂದ ನಳಿಗೆ ಇಳಿಸಿದ್ದರು. ಅಮ್ಮಿನಬಾವಿಯಿಂದ ಓಡಿಬಂದ ಮಗಳು ರಾಜೇಶ್ವರಿಗೆ ಮೊದಲು ಕಂಡದ್ದು ಮಣಿಕಟ್ಟಿನ ನೀಲಿ ಬರೆ.

“ಯಾಕ ಕಟ್ಟೀರಿ ಸಿಸ್ಟರ್?”

“ನಿಮ್ಮವ್ವ ಸುಮ್ನ ಇರೂದಿಲ್ರೀ. ಕೈ ಬಿಟ್ರ ಸಾಕು, ಎದಿ ಎಲ್ಲಾ ಪರಚ್ಕೋತಾರ. ನಳಿಗಿ ಕಿತ್ರಂದ್ರ ಹಾಲು ಪುಪ್ಪುಸಕ್ಕ ಹೋಗಿ ಜೀವಾನ ಹೋಗತೈತಿ. ಇಡೀ ವಾರ್ಡಿಗೆ ನಾ ಒಬ್ಬಾಕಿ. ಎಲ್ಲೆಲ್ಲಿ ಓಡ್ಲಿ, ಹೇಳ್ರಿ?”

ನರ್ಸ್ ಸುಕನ್ಯಾಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಇನ್ನೊಬ್ಬ ನರ್ಸ್ ಇರಬೇಕಾದ ಜಾಗದಲ್ಲಿ ಆ ಆಸ್ಪತ್ರೆ ಬ್ಯಾಂಡೇಜು ಇಟ್ಟಿತ್ತು.

ಎದೆ ಪರಚಿಕೊಳ್ಳುತ್ತಾಳೆಯೇ? ರಾಜೇಶ್ವರಿ ಅವ್ವನ ಕೊರಳ ಬಟ್ಟೆ ಸರಿಸಿದಳು. ಲಿಂಗ ಕಟ್ಟಿಕೊಳ್ಳುವ ಶಿವದಾರ ಇರಲಿಲ್ಲ.

“ಯಣ್ಣಾ, ಅವ್ವನ ಲಿಂಗ ಎಲ್ಲಿ?”

“ಸ್ಕ್ಯಾನಿಂಗ್ ಮಾಡೂಮುಂದ ಬಿಚ್ಚಿಕೊಟ್ರು,” ಎಂದ ಮಂಚದ ಪಕ್ಕ ನಿಂತಿದ್ದ ಅಣ್ಣ ಶಿವಯೋಗೀಶ. “ದವಾಖಾನಿ ಅಂದ್ರ ಮೈಲಗಿ ಅಲ್ಲೇನು? ವಿದ್ಯಾನಗರದ ಮನ್ಯಾಗ ಜಗಲಿ ಮ್ಯಾಲ ಇಟ್ಟೇನಿ. ದಿನಾ ಪತ್ರಿ ಏರಸಾಕತ್ತೇನಿ.”

“ಲಿಂಗಕ್ಕ ಪತ್ರಿ ಏರಿಸಿದಿ. ಅವ್ವಗ ಹಗ್ಗ ಏರಿಸಿದಿ. ಭಾಳ ಛಲೋ ಆತು. ಲಗೂ ಹೋಗಿ ತೊಗೊಂಬಾ!”

ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟಿದವಳಲ್ಲ ಫಕೀರವ್ವ. ಹಲ್ಲು ಕಚ್ಚಿದ್ದು ಯಾಕೆಂದು ಮಗಳಿಗೆ ಈಗ ಹೊಳೆಯಿತು. ಹೊಳೆದೊಡನೆ ಹೆದರಿಕೆಯೂ ಹತ್ತಿತು. ತಾನು ತಪ್ಪಿದ್ದರೆ? ಬಿಚ್ಚಿದ ಕೈ ನಳಿಗೆಗೇ ಹೋದರೆ? ಹೆತ್ತವ್ವನನ್ನು ಕೊಂದ ಮಗಳಾಗಿ ಊರಿಗೆ ಹೇಗೆ ತಿರುಗಿ ಹೋಗುವುದು?

ಅಣ್ಣ ಲಿಂಗವನ್ನು ಒಳಗಿಟ್ಟ ಬೆಳ್ಳಿಯ ಕರಡಿಗೆ, ಲಿಂಗದಕಾಯಿ, ತಂದುಕೊಟ್ಟ. ಸುಕನ್ಯಾ ಇನ್ನೊಂದು ಮಂಚದತ್ತ ಹೋದದ್ದೇ ತಡ, ರಾಜೇಶ್ವರಿ ಬಲಗೈಯ ಗಂಟು ಬಿಚ್ಚಿದಳು.

ಕೈ ಮೆಲ್ಲಗೆ ಎದ್ದಿತು. ಎದೆಯ ಮೇಲೆ ತಡಕಿತು. ಅಲ್ಲಿ ಏನೂ ಸಿಗದೆ ಕೊರಳಿಗೇರಿತು, ಗದ್ದಕ್ಕೇರಿತು, ಬೆರಳು ನಳಿಗೆಗೆ ತಗುಲಿತು.

“ಯವ್ವಾ, ಬ್ಯಾಡ... ಇಲ್ಲೈತಿ ನೋಡು, ಇಲ್ಲೈತಿ...”

ಅಂಗೈಯಲ್ಲಿ ಲಿಂಗದಕಾಯಿ ಒತ್ತಿದಳು. ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಮುಷ್ಟಿ ಎದೆಗಿಳಿದು ನಿಂತಿತು. ಮಗಳು ನೀರಿನಲ್ಲಿ ಅದ್ದಿದ ಅರಳೆಯನ್ನು ತುಟಿಗೆ ಹಚ್ಚಿದಳು. ಕಚ್ಚಿದ ಹಲ್ಲು ಸಡಿಲಾಯಿತು.

“ಯಾರು ಬಿಚ್ಚಿದ್ದು?”

ಡಾಕ್ಟರ್ ಬಿಂದುಮಾಧವ ಬಾಗಿಲಲ್ಲಿ ನಿಂತಿದ್ದರು.

“ನಾನರೀ.”

“ಕಟ್ಟಿ ಹೊರಗ ನಡೀರಿ. ಭೇಟಿ ವ್ಯಾಳ್ಯಾ ಮುಗದೈತಿ. ಏನರ ಆದ್ರ ನಾವು ಜವಾಬ್ದಾರ ಅಲ್ಲ.”

“ಕಟ್ಟವಾ ರಾಜಿ,” ಅಣ್ಣ ಪಿಸುಗುಟ್ಟಿದ. “ಸಾಹೇಬ್ರು ಮನಿಗೆ ಕಳಿಸಿದ್ರ ಎಲ್ಲಿಗೆ ಒಯ್ಯೂದು?”

ಆಗ ಲಿಂಗ ಹಿಡಿದ ಮುಷ್ಟಿ ಮತ್ತೆ ಎದ್ದಿತು, ಮೂಗಿನತ್ತಲೇ. ರಾಜೇಶ್ವರಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸುಕನ್ಯಾ ಹೊಸ ಬ್ಯಾಂಡೇಜು ತಂದು ಅವಳತ್ತ ಚಾಚಿದಳು.

“ಕಟ್ಟಂಗಿಲ್ರೀ,” ಎಂದಳು ರಾಜೇಶ್ವರಿ, ಮಂಚದ ಅಂಚಿಗೆ ಕೂರುತ್ತ. “ಹಿಡಕೊಂಡು ಕುಂದರ್ತೇನಿ. ಹೊರಗೂ ಹೋಗಂಗಿಲ್ಲ.”