ಹದಿನೇಳನೇ ಪುಟದ ಸೈರನ್

ಹೋದ ವಾರ ಮೆಣಸಗಿಯಲ್ಲಿ ಆದ ಫಜೀತಿ ತಬಸ್ಸುಮಳ ತಲೆಯಿಂದ ಇನ್ನೂ ಇಳಿದಿರಲಿಲ್ಲ. ಮಲಪ್ರಭೆ ಏರಿದರೆ ಊರನ್ನು ಎಚ್ಚರಿಸುವ ಸೈರನ್ನಿನ ಸಾಫ್ಟ್‌ವೇರಿಗೆ ಕನ್ನಡ ಕೈಪಿಡಿ ಬರೆದವಳು ಅವಳೇ. ಪರೀಕ್ಷೆಯ ದಿನ ಗಜೇಂದ್ರಗಡದಿಂದ ಫೋನ್ ಹಚ್ಚಿ, "ಉಡಚವ್ವಾರ, ಹದಿನೇಳನೇ ಪುಟ ತಗೀರಿ, ಅಲ್ಲಿ ಬರದಂಗ ಮಾಡ್ರಿ," ಎಂದಳು. ಸೈರನ್ ನೋಡಿಕೊಳ್ಳುವ ಉಡಚವ್ವ ಚಾಚೂ ತಪ್ಪದೆ ಹಾಗೆಯೇ ಮಾಡಿದಳು. ಕೂಗಬೇಕಾದ ಮಿಷಿನ್ ಪೂರ್ತಿ ಬಂದ್ ಆಯಿತು.

ಉಡಚವ್ವನದೇನು ತಪ್ಪು, ಪಾಪ. ಅವಳ ಕೈಲಿದ್ದ ಪುಸ್ತಕವನ್ನು ತಬಸ್ಸುಮಳ ಜೊತೆಗಾರ, ನರಗುಂದದ ದುರ್ಗೇಶ ತನ್ನ ಕಂಪ್ಯೂಟರಿನಲ್ಲಿ ತಯಾರಿಸಿ ಛಾಪಿಸಿದ್ದ. ಬರಹ ಒಂದೇ, ಅದನ್ನು ಪುಸ್ತಕ ಮಾಡುವ ಸಾಫ್ಟ್‌ವೇರ್ ಮಾತ್ರ ಅವನಲ್ಲಿ ಬೇರೆ; ಹಾಗಾಗಿ ಪುಟಗಳು ಸರಿದಿದ್ದವು. ತಬಸ್ಸುಮಳ ಹದಿನೇಳನೇ ಪುಟದಲ್ಲಿ ಸೈರನ್ ಕೂಗಿಸುವುದಿತ್ತು, ಅವನ ಹದಿನೇಳರಲ್ಲಿ ಬಂದ್ ಮಾಡುವುದು! "ಶುಕ್ರವಾರ ಇನ್ನೊಮ್ಮೆ ನೋಡ್ತೇವ್ರಿ. ಆಗ್ಲಿಲ್ಲಂದ್ರ ಮಿಷಿನ್ ಬಿಚ್ಕೊಂಡು ಹೋಗ್ರಿ," ಎಂದಿದ್ದರು ಊರವರು. ಆ ಊರಿನ ಮನೆಗಳಿಗೆ ಹೊಳೆ ನುಗ್ಗಿದ್ದನ್ನು ತಬಸ್ಸುಮ ಕಣ್ಣಾರೆ ಕಂಡಿದ್ದಳು. ಮಿಷಿನ್ ಅಲ್ಲೇ ಉಳಿಯಲೇಬೇಕಿತ್ತು.

ಇವತ್ತೇ ಆ ಶುಕ್ರವಾರ. ಬೆಳಗಿನಿಂದ ಅವಳು ಕಂಟೇನರ್ ಕಟ್ಟುತ್ತ ಕುಳಿತಿದ್ದಳು. ಕಂಟೇನರ್ ಅಂದರೆ ದೊಡ್ಡ ಗುಮ್ಮವೇನಲ್ಲ. ಪುಸ್ತಕ ತಯಾರಿಸಲು ಬೇಕಾದ ಸಾಫ್ಟ್‌ವೇರುಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ ಕಳಿಸುವುದು; ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅದೇ ಪುಸ್ತಕ ಬರಬೇಕು. ಬರಬೇಕು, ಖರೆ. ಹನ್ನೊಂದಕ್ಕೆ ದುರ್ಗೇಶನ ಫೋನ್ ಬಂತು.

"ಅಕ್ಕಾರ, ಮತ್ತ ಎಡವಟ್ಟಾತ್ರಿ. ನಿಮ್ಮದಕ್ಕಿಂತ ನನ್ನ ಕಡೆ ಇನ್ನೂ ಒಂದು ಪುಟ ಕಡಿಮಿ ಬರಾಕತ್ತೈತಿ."

ಪೆಟ್ಟಿಗೆಯನ್ನೆಲ್ಲ ತಡಕಾಡಿದರೂ ಕೊರತೆ ಸಿಗಲಿಲ್ಲ. ತಬಸ್ಸುಮಳಿಗೆ ಅಳುವೇ ಬಂತು. ಪಡಸಾಲೆಯಲ್ಲಿ ಅವಳ ತಾಯಿ ರಹಿಮತಬಿ ರೋಣದ ಮದುವೆಯೊಂದಕ್ಕೆ ಅಡಿಗೆ ಮಾಡಲು ಸಂಜೆ ಹೊರಡಲೆಂದು ಸಾಮಾನು ಕಟ್ಟುತ್ತಿದ್ದಳು. ಡೇಗಿ, ಸೌಟು, ಮಸಾಲೆ, ಕಡೆಗೆ ಉಪ್ಪಿನ ಡಬ್ಬಿ.

"ಉಪ್ಪ್ಯಾಕ ಅಮ್ಮೀ? ಅದು ಯಾರ ಮನ್ಯಾಗ ಇರಂಗಿಲ್ಲ?"

"ಎಲ್ಲಾರ ಮನ್ಯಾಗೂ ಐತಿ, ಅದಕ್ಕ ಒಯ್ಯೂದು. ಒಬ್ಬರಲ್ಲಿ ಹರಳುಪ್ಪು, ಒಬ್ಬರಲ್ಲಿ ಪುಡಿ ಉಪ್ಪು. ನನ್ನ ಅಳತಿ ಕೆಡ್ತೈತಿ."

ತಬಸ್ಸುಮ ದಿಗ್ಗನೆ ಎದ್ದಳು. ಫಾಂಟ್! ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ ಬಿಡು ಎಂದು ಅದೊಂದನ್ನು ಪೆಟ್ಟಿಗೆಗೆ ಹಾಕದೆ, ಅಲ್ಲಲ್ಲಿ ಇದ್ದದ್ದನ್ನೇ ತೆಗೆದುಕೊಳ್ಳಲು ಬಿಟ್ಟಿದ್ದಳು. ದುರ್ಗೇಶನ ಅಕ್ಷರ ತುಸು ಸಣ್ಣ, ಅದಕ್ಕೇ ಪುಟ ಕಡಿಮೆ. ಇಷ್ಟು ಓದಿ ಇಂಥ ಪೆದ್ದಿ! ಖುಷಿ ತಡೆಯಲಾರದೆ ತಾಯಿಯ ಕೆನ್ನೆ ಹಿಂಡಿದಳು. "ಹುಚ್ಚು ಹಿಡೀತೇನ ನಿನಗ," ಎಂದು ಬೈಸಿಕೊಂಡು ಕಂಪ್ಯೂಟರಿಗೆ ಓಡಿದಳು.

ಫಾಂಟ್ ತುಂಬಿದ ಹೊಸ ಪೆಟ್ಟಿಗೆ ನರಗುಂದ ಮುಟ್ಟಿತು. "ಅರವತ್ತೆರಡು ಪುಟ ಬಂತ್ರಿ," ಎಂದ ದುರ್ಗೇಶ. ಇವಳಲ್ಲೂ ಅರವತ್ತೆರಡು. ಸಾಲಿಗೆ ಸಾಲು ತಾಳೆ ನೋಡಿದರು, ಎಲ್ಲ ಕೂಡಿತು. ಅವನು ಛಾಪಿಸಿಕೊಂಡು ಮೆಣಸಗಿಗೆ ಬೈಕ್ ಹತ್ತಿದ.

ನಾಲ್ಕು ಗಂಟೆಗೆ ತಬಸ್ಸುಮ ಮೆಣಸಗಿಗೆ ಫೋನ್ ಹಚ್ಚಿ ಹೇಳಿದಳು, "ಹದಿನೇಳನೇ ಪುಟ ತಗೀರಿ. ಮೊದಲನೇ ಸಾಲು ಓದ್ರಿ."

"ತಡಿಯವ್ವಾ, ಚಾಳೀಸ ಹಾಕ್ಕೋತೀನಿ." ಉಡಚವ್ವ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಕೆಂಪು ಗುಂಡಿಯನ್ನು... ಐದು ಎಣಿಸುವವರೆಗೆ... ಒತ್ತಿ ಹಿಡಿಯಿರಿ."

ತಬಸ್ಸುಮಳ ಪುಟದಲ್ಲೂ ಅದೇ ಸಾಲು. ಅವಳು ಇಲ್ಲಿಂದಲೇ ಎಣಿಸಿದಳು. ಐದಕ್ಕೆ ಫೋನಿನೊಳಗಿಂದ ಸೈರನ್ ಕೂಗಿದ ಅಬ್ಬರಕ್ಕೆ ಪಡಸಾಲೆಯ ರಹಿಮತಬಿಯೂ ಬೆಚ್ಚಿಬಿದ್ದಳು. ತಬಸ್ಸುಮ ನಗುತ್ತ, ಅಳುತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

"ಸಾಕಲ್ರಿ? ಬಂದ್ ಮಾಡೂದು ಹ್ಯಾಂಗಂದ್ರ..." ಎಂದು ಅವಳು ಕೂಗಿ ಹೇಳಹೊರಟಳು.

"ಹತ್ತೊಂಬತ್ತನೇ ಪುಟ ತಗದೇನಿ," ಎಂದಳು ಉಡಚವ್ವ. "ನೀ ಫೋನ್ ಇಡವ್ವಾ, ಇನ್ನ ಪುಸ್ತಕ ಹೇಳ್ತೈತಿ."